ಬೆಂಕಿ ಹಚ್ಚಿದ ಮನೆಯ ತಾಯಿ

ಪ್ರೀತಿಯ ತಂಗಿ,

1066ರ ಇಂಗ್ಲೆಂಡಿನ ಯುದ್ಧದ ಬಗ್ಗೆ ನೀನು ಬರೆದ ಕಾದಂಬರಿಯನ್ನು ಎರಡು ರಾತ್ರಿ ಕೂತು ಓದಿದೆ. ಜೊತೆಗಿದ್ದ ಚೀಟಿಯಲ್ಲಿ ‘ಇನ್ನು ಬರೆಯೋದೇ ಬೇಡ ಅನಿಸಿದೆ’ ಅಂದಿದ್ದೀಯ. ತುಂಬಾ ಸಂಕಟವಾಯಿತು. ಕಾಗುಣಿತ, ಅಧ್ಯಾಯದ ಉದ್ದ, ಅವೆಲ್ಲ ಇರಲಿ, ಯಾರು ಬೇಕಾದರೂ ತಿದ್ದಿಕೊಡುತ್ತಾರೆ. ನನ್ನದು ಒಂದೇ ಮಾತು. ಕಾಣದ್ದನ್ನು ಕಂಡ ಹಾಗೆ ಬರೆಯಬೇಡ.

ಆ ವರ್ಷದ ಓಟವನ್ನು ಚೆನ್ನಾಗಿ ಹಿಡಿದಿದ್ದೀಯ. ಜನವರಿಯಲ್ಲಿ ಎಡ್ವರ್ಡ್ ದೊರೆ ಸತ್ತ ಮಾರನೇ ದಿನವೇ ಹ್ಯಾರಲ್ಡ್‌ಗೆ ಪಟ್ಟ. ಏಪ್ರಿಲ್‌ನಲ್ಲಿ ಬಾಲದ ಚುಕ್ಕಿ. ಸೆಪ್ಟೆಂಬರ್ 25ಕ್ಕೆ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಹ್ಯಾರಲ್ಡ್ ನಾರ್ವೆಯ ದೊರೆಯನ್ನು ಸೋಲಿಸಿ ಉಸಿರು ಬಿಡುವಷ್ಟರಲ್ಲಿ, 28ಕ್ಕೆ ಫ್ರಾನ್ಸಿನ ನಾರ್ಮಂಡಿಯಿಂದ ದಂಡೆತ್ತಿ ಬಂದ ವಿಲಿಯಂ ಪೆವೆನ್ಸಿ ತೀರದಲ್ಲಿ ಇಳಿದ. ಅಕ್ಟೋಬರ್ 14ಕ್ಕೆ ಹೇಸ್ಟಿಂಗ್ಸ್ ಕಾಳಗ, ಹ್ಯಾರಲ್ಡ್‌ನ ಸಾವು.

ಅಲ್ಲಿ ಕೆಡಿಸಿಬಿಟ್ಟೆ! ಸಾಯುವ ಹ್ಯಾರಲ್ಡ್ ಬಾಯಲ್ಲಿ ಮೂರು ಪುಟ ಭಾಷಣ ಯಾಕೆ? ಅವನ ಕಣ್ಣಿಗೆ ಬಾಣ ನೆಟ್ಟಿತು ಅನ್ನೋದೇ ಖಾತ್ರಿಯಿಲ್ಲ. ಈ ಯುದ್ಧದ ಕಥೆಯನ್ನು ಚಿತ್ರಿಸುವ, ಫ್ರಾನ್ಸಿನ ಬಾಯೂ ಊರಿನ ಆ ಸುಮಾರು 70 ಮೀಟರ್ ಉದ್ದದ ಕಸೂತಿಯಲ್ಲಿ, ಅವನ ಹೆಸರಿನ ಕೆಳಗೆ ಕಣ್ಣಿನ ಹತ್ತಿರ ಕೈ ಹಿಡಿದವನೊಬ್ಬ, ಪಕ್ಕದಲ್ಲೇ ಸವಾರನ ಕತ್ತಿಗೆ ಬೀಳುವವನೊಬ್ಬ. ಅರಸ ಯಾರು ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ. ಕಾದಂಬರಿಗೆ ಕಲ್ಪನೆ ಬೇಕು, ಒಪ್ಪುತ್ತೇನೆ. ಆದರೆ ಆ ಭಾಷಣ ನಿನ್ನ ಕಲ್ಪನೆಯಿಂದ ಬಂದಿಲ್ಲ, ಯಾವುದೋ ಸಿನಿಮಾದಿಂದ ಬಂದಿದೆ. ನಿನಗೂ ಗೊತ್ತು, ಅಲ್ವಾ?

ನಾನೂ ಈ ತಪ್ಪು ಮಾಡಿದ್ದೇನೆ. ಬರದ ವರ್ಷ ಗಂಜಿಕೇಂದ್ರದಲ್ಲಿ ಕಂಡ ಒಬ್ಬ ಮುದುಕಿಯ ಬಗ್ಗೆ ಬರೆದೆ. ಅವಳು ಒಂದು ಮಾತೂ ಆಡಿರಲಿಲ್ಲ. ನಾನೇ ಒಂದು ದೊಡ್ಡ ಮಾತು ಆಡಿಸಿದೆ. ಎಲ್ಲರೂ ಆ ಮಾತನ್ನೇ ಹೊಗಳಿದರು, ಬಹುಮಾನವೂ ಬಂತು. ಆಮೇಲೆ ಅವಳ ಮಗ ಹುಡುಕಿಕೊಂಡು ಬಂದ. ‘ನಮ್ಮವ್ವ ಹಂಗ ಅಂದಿಲ್ರೀ’ ಅಂದು ಸುಮ್ನೆ ನಿಂತ. ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಆ ಬಹುಮಾನದ ಫಲಕ ಕಂಡರೆ ಮುಖ ತಿರುಗಿಸುತ್ತೇನೆ.

ನಿನ್ನ ಹಸ್ತಪ್ರತಿಯಲ್ಲಿ ಒಂದು ಸಾಲಿದೆ. ಅದೇ ಕಸೂತಿಯಲ್ಲಿ ಇಬ್ಬರು ಮನೆಗೆ ಬೆಂಕಿ ಹಚ್ಚುತ್ತಿದ್ದಾರೆ, ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಹೊರಗೆ ಬರುತ್ತಿದ್ದಾಳೆ. ಅವಳಿಗೆ ಹೆಸರಿಲ್ಲ. ಮೇಲೆ ಲ್ಯಾಟಿನ್‌ನಲ್ಲಿ ಇಷ್ಟೇ: ಇಲ್ಲಿ ಮನೆ ಸುಡುತ್ತಿದ್ದಾರೆ. ‘ಮಗು ತಿರುಗಿ ನೋಡಿತು’ ಅಂತ ಬರೆದು ಮುಂದೆ ಹೋಗಿಬಿಟ್ಟೆಯಲ್ಲ! ಇಡೀ ಪುಸ್ತಕದಲ್ಲಿ ನಾನು ನಿಂತದ್ದು ಅಲ್ಲೇ. ಅದನ್ನು ಬರೆಯುವಾಗ ನಿನ್ನ ಕೈ ನಡುಗಿದೆ ಅಂತ ಗೊತ್ತಾಗುತ್ತದೆ.

ಡಿಸೆಂಬರ್ 25ಕ್ಕೆ ವಿಲಿಯಂನ ಪಟ್ಟಾಭಿಷೇಕದಲ್ಲೂ ಹೀಗೇ ಆಯಿತು. ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಒಳಗೆ ಜನ ಜೈಕಾರ ಹಾಕಿದರೆ, ಹೊರಗಿದ್ದ ಕಾವಲಿನವರು ಗಲಾಟೆ ಅಂದುಕೊಂಡು ಸುತ್ತಲಿನ ಮನೆಗಳಿಗೆ ಬೆಂಕಿ ಇಟ್ಟರು. 20 ವರ್ಷದ ಮೇಲೆ ವಿಲಿಯಂ ಮಾಡಿಸಿದ, ಡೂಮ್ಸ್‌ಡೇ ಅನ್ನುವ ಊರು-ಜಮೀನಿನ ಲೆಕ್ಕದಲ್ಲಿ ಹೇಸ್ಟಿಂಗ್ಸ್ ಸುತ್ತಲಿನ ಎಷ್ಟೋ ಊರುಗಳ ಮುಂದೆ ‘ಪಾಳು’ ಅಂತಿದೆ.

ಭಾಷಣ ತೆಗೆದುಹಾಕು. ಆ ತಾಯಿಯ ಕೈಯಲ್ಲಿ ಗಂಟುಮೂಟೆ ಏನೂ ಇಲ್ಲ, ಮಗುವೊಂದೇ. ಅಲ್ಲಿಂದ ಶುರುಮಾಡಿ ಹತ್ತು ಪುಟ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣ