ರುವಾಂಡಾದ ಕಿಗಾಲಿಯಲ್ಲಿ ಸಿಕ್ಕ ಹಾವೇರಿಯ ಅಣ್ಣನಿಗೆ

ಅಣ್ಣಾ, ಅವತ್ತು ನಿಮ್ಮ ಹೆಸರು ಕೇಳಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತಿದೆ.

ರುವಾಂಡಾದ ಶಾಲೆಗಳಲ್ಲಿ ಹೆಚ್ಚಾಗಿ ಫ್ರೆಂಚಿನಲ್ಲಿದ್ದ ಪಾಠವನ್ನು ಇಂಗ್ಲಿಷಿಗೆ ಬದಲಿಸಲು 2008ರಲ್ಲಿ ಅಲ್ಲಿನ ಸರ್ಕಾರ ತೀರ್ಮಾನಿಸಿತು. ಎಷ್ಟೋ ಶಿಕ್ಷಕರು ಫ್ರೆಂಚಿನಲ್ಲೇ ಓದಿ ಬಂದವರು. ಅವರ ಜೊತೆ ಕೂತು ಪಾಠ ತಯಾರಿಸಲು ಸ್ವಯಂಸೇವಕಿಯಾಗಿ ಹೋಗಿದ್ದೆ. ಕನ್ನಡ ಶಾಲೆಯಲ್ಲಿ ಓದಿ ಇಂಗ್ಲಿಷ್ ಕಲಿಸುವವಳು ನಾನು. ಅವರ ಅಳುಕು ನನಗೆ ಗೊತ್ತು.

ಅಲ್ಲಿ 2008ರಿಂದಲೇ ಪ್ಲಾಸ್ಟಿಕ್ ಚೀಲ ನಿಷೇಧ. ಇದು ಮಾತ್ರ ಗೊತ್ತಿರಲಿಲ್ಲ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲವನ್ನೂ ಕ್ಯಾರಿಬ್ಯಾಗಿನಲ್ಲೇ ಕಟ್ಟಿದ್ದಳು. ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಯಿರಿ ಎಂದರು. ರೊಟ್ಟಿ ಕೈಯಲ್ಲಿ ಹಿಡಿದು ನಿಂತೆ. ಕಣ್ಣು ತುಂಬಿ ಬಂತು.

ಆಗ ನಿಮ್ಮ ದನಿ ಕೇಳಿಸಿತು. ‘ರೊಟ್ಟಿ ನೋಡಿದ ಕೂಡ್ಲೆ ಗೊತ್ತಾತು, ನಮ್ಮ ಕಡೆಯವ್ರು ಅಂತ. ನಮ್ದು ಹಾವೇರಿ. ಅಳಬ್ಯಾಡ್ರಿ ತಂಗಿ.’

ನಿಮ್ಮ ಬಟ್ಟೆ ಚೀಲ ಖಾಲಿ ಮಾಡಿ, ಒಂದೂ ಮುರಿಯದ ಹಾಗೆ ರೊಟ್ಟಿ ಜೋಡಿಸಿದಿರಿ. ಪುಡಿಗೆ ನಿಮ್ಮ ಸ್ಟೀಲ್ ಡಬ್ಬಿಯನ್ನೇ ಕೊಟ್ಟಿರಿ. ನನ್ನನ್ನು ಕರೆದೊಯ್ಯುವವರು ಬರಲು ಒಂದೂವರೆ ಗಂಟೆ ತಡವಾಯಿತು. ಅಲ್ಲಿಯವರೆಗೂ ಜೊತೆಗಿದ್ದಿರಿ. ಅಲ್ಲಿನವರ ಭಾಷೆಯಲ್ಲಿ ‘ಮುರಾಕೋಜೆ’ ಅಂದರೆ ಧನ್ಯವಾದ ಅಂತ ಹೇಳಿಕೊಟ್ಟಿದ್ದೂ ನೀವೇ.

ಮರುದಿನ ಶಿಕ್ಷಕರ ಕೋಣೆಯಲ್ಲಿ ನಾನು ಮೊದಲು ಆಡಿದ್ದು ಅದೇ ಮಾತು. ಎಲ್ಲರ ಮುಖ ಅರಳಿತು. ಕುರ್ಚಿ ಎಳೆದು ಕೂರಿಸಿಕೊಂಡರು. ಅವ್ವನ ರೊಟ್ಟಿ ಹಂಚಿಕೊಂಡು ತಿಂದೆವು.

ನಿಮ್ಮ ಡಬ್ಬಿ ಈಗ ಧಾರವಾಡದಲ್ಲಿದೆ. ಖಾಲಿ ಡಬ್ಬಿ ಕೊಡಬಾರದು ಅಲ್ವಾ? ತುಂಬಿ ಕೊಡಲು ಅವ್ವ ಕಾಯುತ್ತಿದ್ದಾಳೆ. ಮುರಾಕೋಜೆ, ಅಣ್ಣಾ.