ಸೆರಾಮಿಕ್ ಬಲ್ಬಿಗೆ ಪಿಂಗಾಣಿ ಹೋಲ್ಡರೇ ಬೇಕು

ಮಾನ್ಯ ಸಂಪಾದಕರೆ,

ಮಾಗಿ ಚಳಿ ಬಿದ್ದೊಡನೆ, ಹಿತ್ತಲಲ್ಲಿ ಗಿರಿರಾಜ, ಸ್ವರ್ಣಧಾರ ತಳಿಯ ಕೋಳಿಮರಿ ಸಾಕುವವರು ಕಾವಿನ ಬಲ್ಬಿಗಾಗಿ ಅಂಗಡಿ ಅಂಗಡಿ ತಿರುಗುತ್ತಾರೆ. ಮೊದಲೆಲ್ಲ ನೂರು ವ್ಯಾಟಿನ ಹಳದಿ ಬಲ್ಬು ಎಲ್ಲಿ ಬೇಕಾದರೂ ಸಿಗುತ್ತಿತ್ತು. ಈಗ ಮನೆಮನೆಗೂ ಎಲ್‌ಇಡಿ ಬಂದಿದೆ. ಅದು ಬೆಳಕು ಕೊಡುತ್ತದೆ, ಮರಿ ಬೆಚ್ಚಗಾಗುವಷ್ಟು ಕಾವು ಕೊಡುವುದಿಲ್ಲ. ಹಳದಿ ಬಲ್ಬಿನ ಜಾಗಕ್ಕೆ ಸೆರಾಮಿಕ್ ಹೀಟ್ ಬಲ್ಬು ಬಂದಿದೆ. ವಸ್ತು ಒಳ್ಳೆಯದೇ. ಆದರೆ ಅದನ್ನು ಮನೆಯ ಮಾಮೂಲಿ ಹೋಲ್ಡರಿಗೆ ಸಿಕ್ಕಿಸಿ, ಮಾಮೂಲಿ ವೈರಿನಲ್ಲೇ ಇಳಿಬಿಟ್ಟು, ಕೆಳಗೆ ಒಣ ಭತ್ತದ ಹೊಟ್ಟು ಹರಡಿ ಮಲಗಿಬಿಡುತ್ತಾರೆ. ಮಾರುವವರು ಹೇಳುವುದಿಲ್ಲ, ಕೊಳ್ಳುವವರಿಗೆ ಕೇಳಬೇಕೆಂದು ಗೊತ್ತಿರುವುದಿಲ್ಲ.

ಈ ಬಲ್ಬಿನಲ್ಲಿ ಗಾಜಿಲ್ಲ, ಬೆಳಕೂ ಇಲ್ಲ. ಪಿಂಗಾಣಿಯ ಗಟ್ಟಿ ಮೈಯೊಳಗೆ ನೈಕ್ರೋಮ್ ತಂತಿಯ ಸುರುಳಿ ಹುದುಗಿರುತ್ತದೆ. ಸ್ವಿಚ್ ಒತ್ತಿದ ಮೇಲೆ ಪೂರ್ತಿ ಕಾಯಲು ಐದು-ಹತ್ತು ನಿಮಿಷ ಬೇಕು. ಆರಿಸಿದ ಮೇಲೆ ಅರ್ಧ ಗಂಟೆ ಮುಟ್ಟುವಂತಿಲ್ಲ. ಕಾದಾಗ ಅದರ ಮೈ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಷ್ಟಾದರೂ ನೋಡುವುದಕ್ಕೆ ತಣ್ಣಗಿರುವ ಬಲ್ಬಿಗೂ ಕಾದ ಬಲ್ಬಿಗೂ ವ್ಯತ್ಯಾಸವಿಲ್ಲ. ಕೈ ಸುಟ್ಟುಕೊಳ್ಳುವುದು ಹೀಗೆ. ಬಲ್ಬು ಸತ್ತಿದ್ದರೂ ಬೆಳಗಿನವರೆಗೆ ಯಾರಿಗೂ ತಿಳಿಯದಿರುವುದೂ ಹೀಗೆಯೇ.

ನಮ್ಮ ಮನೆಗಳಲ್ಲಿರುವುದು ಎರಡು ಪಿನ್ನಿನ ಹೋಲ್ಡರ್. ಸೆರಾಮಿಕ್ ಬಲ್ಬಿಗಿರುವುದು ತಿರುಪಿನ ಬುಡ, ಅಂದರೆ ಇ27. ಎರಡನ್ನೂ ಹೊಂದಿಸಲು ಅಂಗಡಿಯವರು ಪ್ಲಾಸ್ಟಿಕ್ ಅಡಾಪ್ಟರ್ ಕೊಡುತ್ತಾರೆ. ಅನಾಹುತಕ್ಕೆ ಅದೇ ದಾರಿ. ಬಲ್ಬು ತಲೆಕೆಳಗಾಗಿ ತೂಗುವುದರಿಂದ ಕಾವೆಲ್ಲ ಮೇಲೇರಿ ಬುಡಕ್ಕೇ ಬಡಿಯುತ್ತದೆ. ಎರಡು-ಮೂರು ವಾರಕ್ಕೆ ಹೋಲ್ಡರಿನ ಗಟ್ಟಿ ಪ್ಲಾಸ್ಟಿಕ್, ಅಂದರೆ ಬೇಕಲೈಟ್, ಕಂದು ತಿರುಗಿ, ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತದೆ. ಒಳಗಿನ ಸ್ಪ್ರಿಂಗ್ ಬಿಗಿ ಕಳೆದುಕೊಂಡು ಪಿನ್ನು ಸಡಿಲವಾಗುತ್ತದೆ, ಸಡಿಲಾದಲ್ಲಿ ಕಿಡಿ ಹಾರುತ್ತದೆ. ಹೋಲ್ಡರಿನ ಪಕ್ಕದ ವೈರನ್ನು ಬಗ್ಗಿಸಿ ನೋಡಿ: ಮೇಲಿನ ಪದರ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಚಟ್ಟನೆ ಸೀಳಿದರೆ ಅದನ್ನು ಅಂದೇ ಕಿತ್ತೆಸೆಯಬೇಕು. ದಪ್ಪ ವೈರ್ ಹಾಕಿದ್ದೇವೆ ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬಾರದು. ನೂರು ವ್ಯಾಟಿನ ಬಲ್ಬು ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ವೈರನ್ನು ಸುಡುವುದು ಕರೆಂಟಲ್ಲ, ಬುಡದಿಂದ ಏರುವ ಕಾವು. ಸಾಧಾರಣ ಪಿವಿಸಿ ವೈರ್ ತಾಳುವುದು 70 ಡಿಗ್ರಿ ಮಾತ್ರ.

ಹಾಗಾಗಿ ಹೋಲ್ಡರ್ ಪಿಂಗಾಣಿಯದೇ ಆಗಬೇಕು, ಇ27 ತಿರುಪಿನದೇ ಆಗಬೇಕು. ಅದರಿಂದ ಹೊರಡುವ ಮೊದಲ ಒಂದೂವರೆ ಅಡಿ ವೈರ್ ಸಿಲಿಕೋನಿನದು ಅಥವಾ ಗಾಜುನಾರಿನ (ಫೈಬರ್‌ಗ್ಲಾಸ್) ಕೊಳವೆ ಹೊದಿಸಿದ್ದಿರಲಿ. ಮೇಲೆ ಬೋಗುಣಿಯಂಥ ಅಲ್ಯುಮಿನಿಯಂ ಬುರುಡೆ (ರಿಫ್ಲೆಕ್ಟರ್) ಇರಲಿ; ಬಿಸಿಗಾಳಿ ಹೊರಹೋಗಲು ಬುರುಡೆಯ ನೆತ್ತಿಯಲ್ಲಿ ತೂತುಗಳಿರಲಿ. ಬುರುಡೆಗೆ ಅರ್ತಿಂಗ್ ಕೊಡಿ, ಬಲ್ಬಿನ ಸುತ್ತ ತಂತಿ ಜಾಲರಿ ಕಟ್ಟಿ. ಎಲ್ಲಕ್ಕಿಂತ ಮುಖ್ಯವಾಗಿ, ಬಲ್ಬಿನ ಭಾರ ವೈರಿನ ಮೇಲೆ ಬೀಳಬಾರದು. ಕಬ್ಬಿಣದ ಸರಪಳಿಯಲ್ಲಿ ತೊಲೆಗೆ ತೂಗುಹಾಕಿ, ಒಂದು ಕೊಂಡಿ ಕಳಚಿದರೂ ಬೀಳದಂತೆ ಎರಡನೆಯ ತಂತಿಯನ್ನೂ ಕಟ್ಟಿ. ಪ್ಲಾಸ್ಟಿಕ್ ಹಗ್ಗ, ಸೆಣಬಿನ ಹುರಿ ಬೇಡ. ಬಿದಿರು ಬುಟ್ಟಿಯನ್ನು ಬೋರಲು ಹಾಕಿ ಅದರೊಳಗೆ ಬಲ್ಬು ಇಳಿಬಿಡುವ ರೂಢಿ ಹಳದಿ ಬಲ್ಬಿನ ಕಾಲಕ್ಕೂ ಸರಿಯಿರಲಿಲ್ಲ. ಇದಕ್ಕಂತೂ ಖಂಡಿತ ಕೂಡದು.

ಕೊಳ್ಳುವಾಗ ಬುಡದ ಮೇಲಿನ ಅಕ್ಷರ ಓದಿ. ಆನ್‌ಲೈನಿನಲ್ಲಿ 110 ವೋಲ್ಟಿನ ಬಲ್ಬೂ ಬರುತ್ತದೆ. ನಮ್ಮ 230 ವೋಲ್ಟಿಗೆ ಹಾಕಿದರೆ ಅದು ನಾಲ್ಕು ಪಟ್ಟಿಗೂ ಹೆಚ್ಚು ಶಕ್ತಿ ಎಳೆದು ಸಿಡಿಯುತ್ತದೆ. ಮಲ್ಟಿಮೀಟರ್ ಇದ್ದರೆ ತಣ್ಣಗಿರುವಾಗ ಬಲ್ಬಿನ ರೋಧ ಅಳೆಯಿರಿ: 230 ವೋಲ್ಟಿನ 100 ವ್ಯಾಟ್ ಬಲ್ಬು ಸುಮಾರು 530 ಓಮ್ ತೋರಿಸಬೇಕು, 150 ವ್ಯಾಟಿನದು 350, 250 ವ್ಯಾಟಿನದು 210. ನೈಕ್ರೋಮಿನ ರೋಧ ಬಿಸಿಯಾದರೂ ಹೆಚ್ಚು ಬದಲಾಗದ ಕಾರಣ ಈ ಲೆಕ್ಕ ನಂಬಬಹುದು. ಮುಳ್ಳು ಅಲುಗದಿದ್ದರೆ ಒಳಗಿನ ತಂತಿ ತುಂಡಾಗಿದೆ ಎಂದೇ ಅರ್ಥ.

ಮರಿಯೊಂದಕ್ಕೆ ಎರಡು ವ್ಯಾಟ್ ಎಂಬ ಹಳೆಯ ಲೆಕ್ಕ ಈಗಲೂ ಆರಂಭಕ್ಕೆ ಸಾಕು. 50 ಮರಿಗೆ 100 ವ್ಯಾಟ್. ಬೀದರ್, ವಿಜಯಪುರದ ಡಿಸೆಂಬರ್ ಚಳಿಗೆ, ಮಲೆನಾಡಿನ ತೆರೆದ ಶೆಡ್ಡಿಗೆ 150 ಬೇಕಾದೀತು. ಆದರೆ ವ್ಯಾಟನ್ನೇ ನಂಬಿ ಕೂರಬೇಡಿ. ಸಂಜೆ ಪಂಪ್‌ಸೆಟ್‌ಗಳೆಲ್ಲ ಓಡುವಾಗ ಹಳ್ಳಿಯ ಕೊನೆಯ ಮನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ, 100 ವ್ಯಾಟಿನ ಬಲ್ಬು ಕೊಡುವುದು 61 ವ್ಯಾಟ್ ಮಾತ್ರ. ನಡುರಾತ್ರಿ ಪಂಪುಗಳು ನಿಂತು 250ಕ್ಕೆ ಏರಿದರೆ ಅದೇ ಬಲ್ಬು 118 ವ್ಯಾಟ್ ಆಗುತ್ತದೆ. ಸಂಜೆ ಚಳಿಗೆ ಗುಂಪುಗೂಡಿದ್ದ ಮರಿಗಳು ಬೆಳಗಿನ ಜಾವ ಬಾಯಿ ತೆರೆದು ಏದುಸಿರು ಬಿಡುವುದಕ್ಕೆ ಬಹಳ ಸಲ ಇದೇ ಕಾರಣ.

ಆದ್ದರಿಂದ ಥರ್ಮಾಮೀಟರ್ ಬೇಕೇ ಬೇಕು. ಅದನ್ನು ಗೋಡೆಗೆ ನೇತುಹಾಕಿದರೆ ಗೊತ್ತಾಗುವುದು ಗೋಡೆಯ ಕಥೆ. ಹೊಟ್ಟಿನಿಂದ ಎರಡು ಇಂಚು ಮೇಲೆ, ಮರಿಯ ಬೆನ್ನಿನ ಮಟ್ಟದಲ್ಲಿ, ಬುರುಡೆಯ ಅಂಚಿನ ನೇರಕ್ಕೆ ಇಡಬೇಕು. ಮೊದಲ ವಾರ 35 ಡಿಗ್ರಿ, ಎರಡನೆಯ ವಾರ 32, ಆಮೇಲೆ ವಾರಕ್ಕೆ ಮೂರರಂತೆ ಇಳಿಸುತ್ತ ಬನ್ನಿ. ಇಳಿಸುವುದೆಂದರೆ ಬಲ್ಬನ್ನು ಸರಪಳಿಯ ಒಂದೆರಡು ಕೊಂಡಿ ಮೇಲಕ್ಕೆ ಎತ್ತುವುದು. 100 ವ್ಯಾಟಿನ ಬಲ್ಬನ್ನು ಹೊಟ್ಟಿನಿಂದ ಒಂದೂವರೆ ಅಡಿಯಲ್ಲಿ ಕಟ್ಟಿ ಶುರುಮಾಡಿ. ಕಾವು ಸಾಲದಿದ್ದರೆ ಸ್ವಲ್ಪ ಸ್ವಲ್ಪವೇ ಇಳಿಸಿ, ಆದರೆ ಒಂದು ಅಡಿಗಿಂತ ಕೆಳಗೆ ಬೇಡ. ಕೊನೆಯ ಮಾತು ಮರಿಗಳದ್ದೇ. ಬಲ್ಬಿನಡಿ ಒಂದರ ಮೇಲೊಂದು ಬಿದ್ದರೆ ಕಾವು ಸಾಲದು. ಅಂಚಿಗೆ ಓಡಿ ರೆಕ್ಕೆ ಇಳಿಬಿಟ್ಟರೆ ಹೆಚ್ಚಾಗಿದೆ. ಒಂದೇ ಪಕ್ಕಕ್ಕೆ ಸರಿದರೆ ಎದುರು ಪಕ್ಕದಿಂದ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಹರಡಿ, ಮೇಯ್ದು, ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ.

ನೂರು ಮರಿಗೆ 250 ವ್ಯಾಟಿನದು ಒಂದಕ್ಕಿಂತ 100 ವ್ಯಾಟಿನವು ಎರಡು ಮೇಲು. ಒಂದು ಸತ್ತರೂ ಇನ್ನೊಂದಿರುತ್ತದೆ, ಕಾವೂ ಹರಡುತ್ತದೆ. ಸೆರಾಮಿಕ್ ಬಲ್ಬಿನ ಕಾವು ತನ್ನ ನೇರ ಕೆಳಗಿನ ಸಣ್ಣ ವೃತ್ತಕ್ಕೇ ಹೆಚ್ಚು ಬೀಳುವುದರಿಂದ ಇದು ಮುಖ್ಯ. ಮರಿ ಬರುವ ಹಿಂದಿನ ದಿನವೇ ಬಲ್ಬು ಹಾಕಿ, ಎರಡು-ಮೂರು ಇಂಚು ಹೊಟ್ಟನ್ನು ಬೆಚ್ಚಗಾಗಿಸಿ. ಗಾಳಿ ಬೆಚ್ಚಗಿದ್ದು ನೆಲ ತಣ್ಣಗಿದ್ದರೆ ಮರಿಗೆ ಕಾಲಿನಿಂದಲೇ ಚಳಿ ಏರುತ್ತದೆ. ಚಳಿ ತಿಂದ ಮರಿಯ ಹೊಟ್ಟೆಯಲ್ಲಿ ಉಳಿದ ಭಂಡಾರ (ಮೊಟ್ಟೆಯ ಹಳದಿ) ಕರಗುವುದಿಲ್ಲ, ಹಿಕ್ಕೆ ಹಿಂಬದಿಗೆ ಅಂಟಿ ಗಟ್ಟಿಯಾಗುತ್ತದೆ. ಸುತ್ತ ಒಂದೂವರೆ ಅಡಿ ಎತ್ತರದ ತಗಡು ದುಂಡಗಿರಲಿ. ಮೂಲೆಗಳಿದ್ದರೆ ಮರಿಗಳು ಅಲ್ಲಿ ಒತ್ತಿಕೊಂಡು ಉಸಿರುಗಟ್ಟಿ ಸಾಯುತ್ತವೆ. 50 ಮರಿಗೆ ನಾಲ್ಕು ಅಡಿ ಅಗಲದ ವೃತ್ತ ಸಾಕು, ನಾಲ್ಕನೆಯ ದಿನದಿಂದ ಹಿಗ್ಗಿಸುತ್ತ ಹೋಗಿ.

ಹಳದಿ ಬಲ್ಬಿಗೆ ಒಗ್ಗಿದವರು ಮರೆಯುವ ಸಂಗತಿಯೊಂದಿದೆ. ಆ ಬಲ್ಬು ಕಾವಿನ ಜೊತೆ ಬೆಳಕನ್ನೂ ಕೊಡುತ್ತಿತ್ತು. ಇದು ಕೊಡುವುದಿಲ್ಲ. ಕತ್ತಲಲ್ಲಿ ಮೊದಲ ದಿನಗಳ ಮರಿಗೆ ನೀರು, ಮೇವು ಕಾಣುವುದಿಲ್ಲ. ಬೆಚ್ಚಗೇ ಇದ್ದು ಹಸಿವು ಬಾಯಾರಿಕೆಗೆ ಸಾಯುತ್ತವೆ. ಮೊದಲ ಮೂರು ದಿನ ರಾತ್ರಿಯಿಡೀ ಐದು ವ್ಯಾಟಿನ ಎಲ್‌ಇಡಿ ಉರಿಯಲಿ. ನಾಲ್ಕನೆಯ ದಿನದಿಂದ ರಾತ್ರಿ ಕತ್ತಲು ಕೊಡಬಹುದು, ಕಾವು ಹಾಗೇ ಇರುತ್ತದೆ. ಇದು ಸೆರಾಮಿಕ್ ಬಲ್ಬಿನ ನಿಜವಾದ ಲಾಭ. ನೀರಿನ ಬಟ್ಟಲು ಬಲ್ಬಿನ ನೇರಕ್ಕೆ ಬೇಡ. ಕಾದ ಪಿಂಗಾಣಿಗೆ ತಣ್ಣೀರು ಚಿಮ್ಮಿದರೆ ಬಿರುಕು ಬಿಡುತ್ತದೆ. ಒಡೆಯದಿರಲೆಂದು ಟೆಫ್ಲಾನ್ ಲೇಪಿಸಿದ ಗಾಜಿನ ಬಲ್ಬುಗಳನ್ನು ಕೋಳಿ ಶೆಡ್ಡಿಗೆ ತರಲೇಬೇಡಿ. ಕಾದ ಲೇಪದ ಹೊಗೆ ಹಕ್ಕಿಗಳಿಗೆ ವಿಷ.

ಕಾವು ನೋಡಿ ಬಲ್ಬನ್ನು ತಾನೇ ಹೊತ್ತಿಸಿ ಆರಿಸುವ ಡಿಜಿಟಲ್ ಥರ್ಮೋಸ್ಟಾಟ್ ಹಾಕುವುದು ಒಳ್ಳೆಯದು. ಬೆಳಕಿಲ್ಲದ ಕಾರಣ ಆಗಾಗ ಆನ್-ಆಫ್ ಆದರೂ ಮರಿ ಬೆದರುವುದಿಲ್ಲ. ಆದರೆ ಸೆನ್ಸರ್ ಜಾರಿ ಹೊರಗೆ ತಣ್ಣನೆಯ ನೆಲಕ್ಕೆ ಬಿದ್ದರೆ ಬಲ್ಬು ಆರುವುದೇ ಇಲ್ಲ. ಅದರೊಳಗಿನ ಸ್ವಿಚ್, ಅಂದರೆ ರಿಲೇ, ಅಂಟಿಕೊಂಡರೂ ಅಷ್ಟೇ. ಥರ್ಮೋಸ್ಟಾಟ್ ಇದೆಯಲ್ಲ ಎಂದು ದೊಡ್ಡ ಬಲ್ಬು ಹಾಕಬೇಡಿ. ರಾತ್ರಿಯಿಡೀ ಉರಿದರೂ ಮರಿ ಅಂಚಿಗೆ ಸರಿದು ಬದುಕುವಷ್ಟೇ ಇರಲಿ.

ನಾಯಿಮರಿಗಳ ವಿಷಯ ಬೇರೆ. ಮೊದಲ ಎರಡು ವಾರ ಅವು ಬಿಸಿಯಿಂದ ಬೇಗ ದೂರ ಸರಿಯಲಾರವು. ಗೂಡಿನ ಒಂದು ತುದಿಗೆ ಮಾತ್ರ ಕಾವು ಕೊಡಿ, ಮೊದಲ ವಾರ 30 ಡಿಗ್ರಿ ಆಸುಪಾಸು. ತಾಯಿ ಎದ್ದು ನಿಂತರೂ ತಲೆ ತಾಗದಷ್ಟು ಎತ್ತರದಲ್ಲಿ ಬಲ್ಬು ಕಟ್ಟಿ. ಆಡಿನ ಮರಿಗೆ ಮೊದಲು ಮೈ ಒರೆಸಿ ಒಣಗಿಸುವುದು, ಗಿಣ್ಣುಹಾಲು ಕುಡಿಸುವುದು, ಆಮೇಲೆ ಬಲ್ಬು. ರೇಷ್ಮೆಯ ಎಳೆಹುಳು ಸಾಕುವ ಚಾಕಿ ಮನೆಗೆ ಇದು ಬೇಡ: ಅಲ್ಲಿ 27-28 ಡಿಗ್ರಿಯ ಜೊತೆ ತೇವವೂ ಬೇಕು, ಈ ಬಲ್ಬಿನಡಿ ಸೊಪ್ಪು ಬಾಡುತ್ತದೆ.

ಕರೆಂಟ್ ಹೋದರೆ? ಟಾರ್ಪಾಲಿನಿಂದ ಮುಚ್ಚಿದ ಶೆಡ್ಡಿನೊಳಗೆ ಇದ್ದಿಲ ಒಲೆ ಇಡುವುದು ಮರಿಗೂ ಮನುಷ್ಯರಿಗೂ ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಬಿಸಿನೀರಿನ ಕ್ಯಾನ್‌ಗಳಿಗೆ ಗೋಣಿ ಸುತ್ತಿ ನಡುವೆ ಇಡಿ. ವೃತ್ತದ ಮೇಲೆ ಗೋಣಿ ಹೊದಿಸಿ, ಗಾಳಿಗೆ ಸ್ವಲ್ಪ ಸಂದು ಬಿಡಿ. ಇನ್ವರ್ಟರ್ ಇದ್ದರೆ 150 ಎಎಚ್‌ನ ಒಳ್ಳೆಯ ಬ್ಯಾಟರಿ 100 ವ್ಯಾಟನ್ನು ಎಂಟು ಗಂಟೆ ತಳ್ಳುತ್ತದೆ.

ಬಲ್ಬು ಮಾರುವ ಅಂಗಡಿಯವರಲ್ಲಿ ಒಂದು ಬೇಡಿಕೆ: ಪಿಂಗಾಣಿ ಹೋಲ್ಡರನ್ನು ಜೊತೆಗಿಟ್ಟೇ ಮಾರಿ, ಪ್ಲಾಸ್ಟಿಕ್ ಅಡಾಪ್ಟರ್ ಕೇಳಿದರೂ ಕೊಡಬೇಡಿ. ದಿನದ ಮರಿ ಮಾರುವ ಹ್ಯಾಚರಿಗಳೂ ಪಶುಸಂಗೋಪನಾ ಇಲಾಖೆಯೂ ತಮ್ಮ ಕರಪತ್ರಗಳಲ್ಲಿ ‘ಬಲ್ಬು ಹಾಕಿ’ ಎಂದಷ್ಟೇ ಬರೆಯದೆ, ಯಾವ ಬಲ್ಬು, ಯಾವ ಹೋಲ್ಡರ್, ಎಷ್ಟು ಎತ್ತರ ಎಂಬುದನ್ನು ಚಿತ್ರಸಮೇತ ಅಚ್ಚು ಹಾಕಿಸಲಿ. ಈ ಚಳಿ ಮುಗಿಯುವುದರೊಳಗೆ ಆಗಬೇಕಾದ ಕೆಲಸವಿದು.

– ಓದುಗ, ಹಾಸನ ಜಿಲ್ಲೆ