ವಿದ್ಯಾರ್ಥಿವೇತನದ ಮಾಹಿತಿ ಕಾಲೇಜಿನಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ಕಾರವಾರ, ಅಂಕೋಲಾ ಭಾಗದ ಮೀನುಗಾರ ಮತ್ತು ಕೃಷಿಕ ಕುಟುಂಬಗಳು ಮಕ್ಕಳ ಕಾಲೇಜು ಶುಲ್ಕಕ್ಕಾಗಿ ಕೈಸಾಲ ಹುಡುಕುತ್ತಿರುವಾಗ, ಅವರಿಗೆ ದೊರೆಯಬಹುದಾದ ವಿದ್ಯಾರ್ಥಿವೇತನಗಳ ಬಗ್ಗೆ ಸಕಾಲದಲ್ಲಿ ತಿಳಿಸುವವರೇ ಇಲ್ಲದಿರುವುದು ನೋವಿನ ಸಂಗತಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕೆಂಬುದು ಸಹ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ಪದವಿ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 5,000, ಹೆಣ್ಣುಮಕ್ಕಳಿಗೆ 5,500 ರೂಪಾಯಿ ಗೊತ್ತುಪಡಿಸಲಾಗಿತ್ತು. ನಗರದವರಿಗೆ ಅಲ್ಪವೆನಿಸಬಹುದಾದ ಈ ಮೊತ್ತ ನಮ್ಮ ಹಳ್ಳಿಯ ಹುಡುಗಿಗೆ ವರ್ಷದ ಪುಸ್ತಕ, ಬಸ್ ಪಾಸಿನ ಖರ್ಚು.

ಕಳೆದ ವರ್ಷ ನನ್ನ ಮಗಳ ಅರ್ಜಿ ಮಂಜೂರಾದರೂ ಹಣ ಖಾತೆಗೆ ಬರಲಿಲ್ಲ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು, ನೇರ ನಗದು ವರ್ಗಾವಣೆಗಾಗಿ ಖಾತೆಯು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಮೂಲಕ ಆಧಾರ್‌ಗೆ ಜೋಡಣೆಯಾಗಿರಬೇಕು ಎಂಬುದು ನಾಲ್ಕು ತಿಂಗಳು ಅಲೆದಾಡಿದ ಮೇಲೆ ನಮಗೆ ತಿಳಿಯಿತು. ಅಷ್ಟರಲ್ಲಿ ಶುಲ್ಕಕ್ಕಾಗಿ ಬಂಗಾರ ಅಡವಿಟ್ಟಾಗಿತ್ತು.

ಪ್ರತಿ ಕಾಲೇಜಿನಲ್ಲೂ ಪ್ರವೇಶದ ವೇಳೆಯಲ್ಲೇ ಒಬ್ಬ ಉಪನ್ಯಾಸಕರಿಗೆ ಈ ಹೊಣೆ ವಹಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಅಂಕಪಟ್ಟಿಯಲ್ಲಿನ ಹೆಸರಿನ ಹೊಂದಾಣಿಕೆಯನ್ನು ಪರಿಶೀಲಿಸುವ ವ್ಯವಸ್ಥೆಯಾಗಬೇಕು. ಮೊಬೈಲ್ ಸಿಗ್ನಲ್ಲೇ ಸರಿಯಾಗಿ ಸಿಗದ ಜೊಯಿಡಾದಂಥ ತಾಲ್ಲೂಕಿನಲ್ಲಿ ಜಿಲ್ಲಾಡಳಿತವು ಕೊನೆಯ ದಿನಾಂಕಕ್ಕೆ ಮೊದಲೇ ಅರ್ಜಿ ಶಿಬಿರ ನಡೆಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಪೋಷಕ, ಅಂಕೋಲಾ